ಗೆಟ್: ಮುಂದೇನಿದೆ ನೋಡಿ, ಅರ್ಥ ತಾನಾಗಿ ಸಿಗುತ್ತದೆ

ಇಂಗ್ಲಿಷಿನ ದೊಡ್ಡ ಪದಗಳು ಅಷ್ಟಾಗಿ ತೊಂದರೆ ಕೊಡುವುದಿಲ್ಲ. 'ಫೋಟೋಸಿಂಥೆಸಿಸ್' ಅಂದರೆ ಒಂದೇ ಅರ್ಥ. ಒಮ್ಮೆ ಕಲಿತರೆ ಮುಗಿಯಿತು. ಕಾಡುವುದು ಪುಟ್ಟ ಪದಗಳು, ಅದರಲ್ಲೂ 'ಗೆಟ್'. ಕಾಗದ ಕೈಸೇರಿದರೂ ಗೆಟ್, ಕತ್ತಲಾದರೂ ಗೆಟ್, ಮನೆ ಮುಟ್ಟಿದರೂ ಗೆಟ್. ಕಟಿಂಗ್ ಮಾಡಿಸಿಕೊಂಡರೆ ಗೆಟ್, ಕಳ್ಳ ಸಿಕ್ಕಿಬಿದ್ದರೆ ಗೆಟ್, ಹೇಳಿದ ಮಾತು ಅರ್ಥವಾದರೂ ಗೆಟ್.

ನಿಘಂಟು ತೆರೆದರೆ ಈ ಒಂದು ಪದಕ್ಕೆ ಸಾಲು ಸಾಲು ಅರ್ಥಗಳು. ಅದನ್ನೆಲ್ಲ ಬಾಯಿಪಾಠ ಮಾಡಲು ಹೊರಡಬೇಡಿ. ಎದುರಿಗೆ ನಿಂತವರ ಜೊತೆ ಮಾತಾಡುವಾಗ ಆ ಪಟ್ಟಿ ನೆನಪಿಗೆ ಬರುವುದೇ ಇಲ್ಲ. ನಾನು ಹೇಳುವ ದಾರಿ ಬೇರೆ. ಗೆಟ್ ಪದವನ್ನೇ ದಿಟ್ಟಿಸುವುದು ಬಿಡಿ, ಅದರ ಮುಂದೆ ಏನು ಬಂದಿದೆ ಅಂತ ನೋಡಿ. ವಸ್ತು ಬಂದರೆ ಒಂದು ಅರ್ಥ, ಸ್ಥಿತಿ ಬಂದರೆ ಇನ್ನೊಂದು, ಜಾಗ ಬಂದರೆ ಮತ್ತೊಂದು. ಈ ಕೆಲಸಗಳನ್ನೆಲ್ಲ ನಾವು ಕನ್ನಡದಲ್ಲಿ ದಿನಾ ಮಾಡುತ್ತಲೇ ಇದ್ದೇವೆ. ಸಿಗು, ತರು, ಆಗು, ತಲುಪು, ಮಾಡಿಸು: ಇಷ್ಟೂ ಪದಗಳ ಕೆಲಸವನ್ನು ಇಂಗ್ಲಿಷಿನವರು ಒಬ್ಬ ಗೆಟ್ ಮೇಲೆ ಹೊರಿಸಿದ್ದಾರೆ. ಹಾಗಾಗಿ ಕನ್ನಡ ಚೆನ್ನಾಗಿ ಬರುವವರಿಗೆ ಅರ್ಧ ದಾರಿ ಆಗಲೇ ಮುಗಿದಿದೆ.

ಅಂದ ಹಾಗೆ, ಈ ಪದ ಇಂಗ್ಲೆಂಡಿಗೆ ಹೊರಗಿನಿಂದ ಬಂದದ್ದು. 9ನೇ ಶತಮಾನದಲ್ಲಿ ಡೆನ್ಮಾರ್ಕ್, ನಾರ್ವೆ ಕಡೆಯಿಂದ ದಂಡೆತ್ತಿ ಬಂದ ವೈಕಿಂಗರು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗದಲ್ಲಿ ನೆಲೆಸಿದರು. ಅವರ ಭಾಷೆಯ 'ಗೆಟಾ' ಇಲ್ಲಿ 'ಗೆಟ್' ಆಯಿತು. ಟೇಕ್, ಎಗ್, ಸ್ಕೈ, ವಿಂಡೋ ಕೂಡ ಅದೇ ದಾರಿಯಲ್ಲಿ ಬಂದವು. ಗೆಟಾ ಅಂದರೆ ಪಡೆ, ದಕ್ಕಿಸಿಕೊ ಅಂತ. ಈಗಿನ ಅರ್ಥಗಳೆಲ್ಲ ಅದರಿಂದ ಚಿಗುರಿದವು. ವಸ್ತು ಸಿಕ್ಕಿತು, ಸ್ಥಿತಿ ಸಿಕ್ಕಿತು, ಸೇರಬೇಕಾದ ಜಾಗ ಸಿಕ್ಕಿತು, ಮಾತಿನ ಹುರುಳು ಸಿಕ್ಕಿತು. ಈ 'ಸಿಕ್ಕಿತು' ಅನ್ನುವ ಎಳೆ ಕೈಯಲ್ಲಿರಲಿ.

ಕೆಳಗಿನ ಇಂಗ್ಲಿಷ್ ವಾಕ್ಯಗಳನ್ನು ಬರೀ ಕಣ್ಣಲ್ಲಿ ಓದಬೇಡಿ. ಒಂದು ಸಲ ಬಾಯಿಬಿಟ್ಟು ಹೇಳಿ.

ಹೆಜ್ಜೆ 1: ಮುಂದೆ ವಸ್ತು ಬಂದರೆ ಸಿಗು, ತರು

'ಐ ಗಾಟ್ ಎ ಲೆಟರ್.' ನನಗೆ ಕಾಗದ ಬಂತು. 'ಶಿ ಗಾಟ್ ಎ ಜಾಬ್.' ಅವಳಿಗೆ ಕೆಲಸ ಸಿಕ್ಕಿತು. 'ಹಿ ಗಾಟ್ ನೈಂಟಿ ಮಾರ್ಕ್ಸ್.' ಅವನಿಗೆ ತೊಂಬತ್ತು ಅಂಕ ಬಂತು.

ಕನ್ನಡದಲ್ಲಿ ಮೂರೂ ವಾಕ್ಯ 'ನನಗೆ', 'ಅವಳಿಗೆ', 'ಅವನಿಗೆ' ಅಂತ ಶುರುವಾಗಿವೆ. ಕಾಗದ ತಾನೇ ಬಂತು, ನಾನು ಸುಮ್ನೆ ಇದ್ದೆ. ಇಂಗ್ಲಿಷಿನಲ್ಲಿ ಅದೇ 'ನಾನು' ವಾಕ್ಯದ ಯಜಮಾನ ಆಗಿಬಿಡುತ್ತಾನೆ. 'ಟು ಮಿ' ಅಂತ ಶುರು ಮಾಡಲು ಆಗುವುದಿಲ್ಲ. ಆದ್ದರಿಂದ ಮನಸ್ಸಿನಲ್ಲಿ 'ನನಗೆ ಸಿಕ್ಕಿತು', 'ನನಗೆ ಬಂತು' ಅಂತ ಮೂಡಿದರೆ ಬಾಯಲ್ಲಿ 'ಐ ಗಾಟ್' ಬರಲಿ. ಇದೊಂದು ರೂಢಿಯಾದರೆ ದಿನದ ಎಷ್ಟೋ ಮಾತುಗಳು ಸರಾಗವಾಗುತ್ತವೆ.

ಎರಡನೆಯದು ತರುವ ಗೆಟ್. 'ಗೆಟ್ ಮಿ ಎ ಗ್ಲಾಸ್ ಆಫ್ ವಾಟರ್' ಅಂದರೆ ಒಂದು ಲೋಟ ನೀರು ತಂದುಕೊಡು. 'ಐ ಗಾಟ್ ಸಮ್ ವೆಜಿಟೆಬಲ್ಸ್ ಫ್ರಮ್ ದ ಮಾರ್ಕೆಟ್' ಅಂದರೆ ಮಾರ್ಕೆಟ್ಟಿನಿಂದ ಒಂದಿಷ್ಟು ತರಕಾರಿ ತಂದೆ. ಹಾಗಾದರೆ ಸಿಕ್ಕಿದ್ದು ಯಾವುದು, ತಂದದ್ದು ಯಾವುದು? ಮುಂದೆ ಮನುಷ್ಯರು ಬಂದರೆ ಅವರ ಜೊತೆಗಿರುವ ಪುಟ್ಟ ಪದ ಹೇಳುತ್ತದೆ. 'ಐ ಗಾಟ್ ಎ ಸ್ಯಾರಿ ಫ್ರಮ್ ಮೈ ಮದರ್' ಅಂದರೆ ಅಮ್ಮ ನನಗೆ ಸೀರೆ ಕೊಟ್ಟರು. 'ಐ ಗಾಟ್ ಎ ಸ್ಯಾರಿ ಫಾರ್ ಮೈ ಮದರ್' ಅಂದರೆ ಅಮ್ಮನಿಗೆ ಸೀರೆ ತಂದೆ. ಫ್ರಮ್ ಬದಲು ಫಾರ್ ಬಂದರೆ ಸೀರೆ ಕೊಟ್ಟವರೇ ಬದಲಾಗುತ್ತಾರೆ!

ಕಾಯಿಲೆಯೂ ಇಂಗ್ಲಿಷಿನವರಿಗೆ 'ಸಿಗುವ' ವಸ್ತುವೇ. 'ಐ ಗಾಟ್ ಎ ಕೋಲ್ಡ್' ಅಂದರೆ ನೆಗಡಿ ಆಯಿತು. ಅರ್ಥವೂ ಹಾಗೆಯೇ. 'ಡಿಡ್ ಯು ಗೆಟ್ ದ ಜೋಕ್?' ಅಂದರೆ ಜೋಕ್ ಅರ್ಥ ಆಯ್ತಾ? 'ಸಾರಿ, ಐ ಡಿಡಂಟ್ ಗೆಟ್ ದಟ್' ಅಂದರೆ ಸರಿಯಾಗಿ ಕೇಳಿಸಲಿಲ್ಲ ಅಥವಾ ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ. ಫೋನಿನಲ್ಲಿ ಮಾತು ತಪ್ಪಿಹೋದಾಗ ಇದು ತುಂಬ ಉಪಯೋಗಕ್ಕೆ ಬರುತ್ತದೆ. ಕಾಲಿಂಗ್ ಬೆಲ್ ಆದಾಗ ಯಾರಾದರೂ 'ಐಲ್ ಗೆಟ್ ಇಟ್' ಅಂದರೆ, ನೀವು ಕೂತಿರಿ, ನಾನು ಹೋಗಿ ಬಾಗಿಲು ತೆಗೀತೀನಿ ಅಂತ.

ಹೆಜ್ಜೆ 2: ಮುಂದೆ ಸ್ಥಿತಿ ಬಂದರೆ ಆಗು

ಸುಸ್ತು, ರೆಡಿ, ಕತ್ತಲು, ಒದ್ದೆ, ಕೋಪ. ಇಂಥ ಸ್ಥಿತಿಯನ್ನು ಹೇಳುವ ಪದ ಮುಂದೆ ಬಂದರೆ ಗೆಟ್ ಅಂದರೆ ಬಹುಮಟ್ಟಿಗೆ ನಮ್ಮ 'ಆಗು'. 'ಐ ಗಾಟ್ ಟೈರ್ಡ್', ಸುಸ್ತಾಯಿತು. 'ಇಟ್ಸ್ ಗೆಟಿಂಗ್ ಡಾರ್ಕ್', ಕತ್ತಲಾಗುತ್ತಿದೆ. 'ಶಿ ಗಾಟ್ ಆ್ಯಂಗ್ರಿ', ಅವಳಿಗೆ ಕೋಪ ಬಂತು.

ಇಲ್ಲಿ ಗಮನಿಸಬೇಕಾದದ್ದು 'ಇರು' ಮತ್ತು 'ಆಗು' ನಡುವಿನ ವ್ಯತ್ಯಾಸ. 'ಐ ಆ್ಯಮ್ ಮ್ಯಾರೀಡ್' ಅಂದರೆ ನನಗೆ ಮದುವೆಯಾಗಿದೆ, ಇದು ಈಗಿನ ಸ್ಥಿತಿ. 'ಐ ಗಾಟ್ ಮ್ಯಾರೀಡ್ ಇನ್ 2015' ಅಂದರೆ ಮದುವೆಯಾದೆ, ಅದು ನಡೆದ ಸಂಗತಿ. ಹಾಗೇ 'ಟು' ಬಳಸಿ: 'ಶಿ ಗಾಟ್ ಮ್ಯಾರೀಡ್ ಟು ಎ ಟೀಚರ್.' ನಾವು ಕನ್ನಡದಲ್ಲಿ 'ಜೊತೆ' ಅಂತೇವೆ, ಅದನ್ನೇ ಇಟ್ಟುಕೊಂಡು 'ವಿತ್' ಅನ್ನುವವರು ಬಹಳ.

ಇನ್ನೊಂದು ಕಡೆ ಆಗು ನಮ್ಮ ಕಾಲಿಗೆ ತೊಡರುತ್ತದೆ. ಕನ್ನಡದ 'ಆಗು' ವಸ್ತುವಿನ ಹೆಸರಿನ ಜೊತೆಗೂ ಬರುತ್ತದೆ: ಡಾಕ್ಟರ್ ಆಗು, ಲಾಯರ್ ಆಗು. ಇಂಗ್ಲಿಷ್ ಗೆಟ್ ಅಲ್ಲಿಗೆ ಬರುವುದಿಲ್ಲ. 'ಐ ವಾಂಟ್ ಟು ಗೆಟ್ ಎ ಡಾಕ್ಟರ್' ಅಂದರೆ ಕೇಳಿದವರು ಗಾಬರಿಯಾಗುತ್ತಾರೆ. ಡಾಕ್ಟರನ್ನು ಕರೆತರಬೇಕು ಅಂತ ಅದರ ಅರ್ಥ! ಯಾಕೆಂದರೆ ಹೆಜ್ಜೆ 1ರ ನಿಯಮ ಅಲ್ಲಿ ಜಾರಿಯಲ್ಲಿದೆ. ಮುಂದೆ ಹೆಸರು ಬಂದರೆ ಗೆಟ್ ಯಾವಾಗಲೂ ಸಿಗು ಅಥವಾ ತರು. ಡಾಕ್ಟರ್ ಆಗಬೇಕಿದ್ದರೆ 'ಐ ವಾಂಟ್ ಟು ಬಿಕಮ್ ಎ ಡಾಕ್ಟರ್' ಅಥವಾ 'ಬಿ ಎ ಡಾಕ್ಟರ್' ಅನ್ನಿ.

ಕೆಲವು ಸ್ಥಿತಿಗಳಿಗೆ ಗೆಟ್ ಹೊಂದುವುದಿಲ್ಲ, ಅಲ್ಲಿ 'ಗೋ' ಮತ್ತು 'ಟರ್ನ್' ನಡೆಯುತ್ತವೆ. ಹಾಲು ಕೆಟ್ಟರೆ 'ದ ಮಿಲ್ಕ್ ಹ್ಯಾಸ್ ಗಾನ್ ಬ್ಯಾಡ್'. ತಲೆ ಬೋಳಾದರೆ 'ಹಿ ವೆಂಟ್ ಬಾಲ್ಡ್'. ಐವತ್ತು ತುಂಬಿದರೆ 'ಶಿ ಟರ್ನ್ಡ್ ಫಿಫ್ಟಿ'. ಇವಕ್ಕೆ ನಿಯಮ ಹುಡುಕಿ ಪ್ರಯೋಜನವಿಲ್ಲ, ಕೇಳಿ ಕೇಳಿಯೇ ಬರಬೇಕು.

ಗೆಟ್ ಮತ್ತು ಸ್ಥಿತಿಯ ನಡುವೆ ಒಬ್ಬ ವ್ಯಕ್ತಿ ಅಥವಾ ವಸ್ತು ಬಂದು ಕೂತರೆ 'ಆಗು' ಹೋಗಿ 'ಮಾಡು' ಬರುತ್ತದೆ. 'ಗೆಟ್ ರೆಡಿ' ಅಂದರೆ ರೆಡಿಯಾಗು. 'ಗೆಟ್ ದ ಕಿಡ್ಸ್ ರೆಡಿ' ಅಂದರೆ ಮಕ್ಕಳನ್ನು ರೆಡಿ ಮಾಡು. ಈ ನಡುವಿನ ಜಾಗವನ್ನು ನೆನಪಿಡಿ. ಹೆಜ್ಜೆ 4ರಲ್ಲಿ ಇದೇ ದೊಡ್ಡದಾಗಿ ಬರುತ್ತದೆ.

ಹೆಜ್ಜೆ 3: ಮುಂದೆ ಜಾಗ ಬಂದರೆ ತಲುಪು

'ಹೌ ಡು ಐ ಗೆಟ್ ಟು ಮೆಜೆಸ್ಟಿಕ್?' ಮೆಜೆಸ್ಟಿಕ್‌ಗೆ ಹೇಗೆ ಹೋಗುವುದು? ದಾರಿ ಕೇಳಲು ಇದಕ್ಕಿಂತ ಸಹಜವಾದ ವಾಕ್ಯ ಇಲ್ಲ. 'ಗೋ' ಅಂದರೆ ಹೊರಡುವ ಕಡೆಗೆ ನೋಟ, 'ಗೆಟ್ ಟು' ಅಂದರೆ ಮುಟ್ಟುವ ಕಡೆಗೆ ನೋಟ. 'ವಾಟ್ ಟೈಮ್ ಡಿಡ್ ಯು ಗೆಟ್ ಟು ದ ಆಫೀಸ್?' ಆಫೀಸ್ ಎಷ್ಟು ಹೊತ್ತಿಗೆ ಮುಟ್ಟಿದಿರಿ?

ಹೋಮ್, ಹಿಯರ್, ದೇರ್ ಈ ಮೂರಕ್ಕೆ 'ಟು' ಬೇಡ. 'ಐ ಗಾಟ್ ಹೋಮ್ ಅಟ್ ಸೆವೆನ್.' ಅಷ್ಟೇ ಸಾಕು. 'ಗಾಟ್ ಟು ಹೋಮ್' ತಪ್ಪು.

ಈಗ ಬಸ್ಸಿಗೆ ಬನ್ನಿ. ನಾವು 'ಐ ವಿಲ್ ಗೆಟ್ ಡೌನ್ ಅಟ್ ಜಯನಗರ' ಅನ್ನುತ್ತೇವೆ. ಇಳಿಯುವುದು ಅಂದರೆ ಕೆಳಗೆ ಬರುವುದೇ ತಾನೇ. ನಮ್ಮ ದೇಶದಲ್ಲಿ ಇದು ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಬಸ್ಸಿನಿಂದ ಇಳಿಯುವುದಕ್ಕೆ 'ಗೆಟ್ ಆಫ್' ಅನ್ನುತ್ತಾರೆ. 'ಗೆಟ್ ಡೌನ್' ಅಂದರೆ ಏಣಿಯಿಂದಲೋ ಮರದಿಂದಲೋ ಇಳಿದ ಹಾಗೆ, ಇಲ್ಲವೇ 'ತಲೆ ತಗ್ಗಿಸಿ, ಬಗ್ಗಿ' ಅಂತ ಎಚ್ಚರಿಸಿದ ಹಾಗೆ.

ಆನ್, ಆಫ್ ಯಾವಾಗ? ಇನ್, ಔಟ್ ಯಾವಾಗ? ಒಳಗೆ ನಿಂತು ನಾಲ್ಕು ಹೆಜ್ಜೆ ನಡೆಯಬಹುದಾದ ವಾಹನಕ್ಕೆ ಆನ್, ಆಫ್: ಬಸ್ಸು, ರೈಲು, ಮೆಟ್ರೋ, ವಿಮಾನ, ಹಡಗು. ಬಗ್ಗಿ ಒಳಗೆ ಸೇರಿ ಕೂತುಬಿಡಬೇಕಾದ ವಾಹನಕ್ಕೆ ಇನ್, ಔಟ್: ಕಾರು, ಆಟೋ, ಟ್ಯಾಕ್ಸಿ. 'ಗೆಟ್ ಇನ್ ದ ಕಾರ್', 'ಗೆಟ್ ಔಟ್ ಆಫ್ ದ ಆಟೋ'. ಮೇಲೆ ಕಾಲು ಹಾಕಿ ಕೂರುವ ಸೈಕಲ್, ಸ್ಕೂಟರ್, ಕುದುರೆಗೆ ಮತ್ತೆ ಆನ್, ಆಫ್.

ಹೆಜ್ಜೆ 4: ನಡುವೆ ವಸ್ತು, ಕೊನೆಗೆ ಮೂರನೇ ರೂಪ ಬಂದರೆ ಮಾಡಿಸು

ಇದು ಕನ್ನಡಿಗರಿಗೆ ಅತ್ಯಂತ ಲಾಭದ ಹೆಜ್ಜೆ. ನಮ್ಮ 'ಇಸು' ಪ್ರತ್ಯಯ ಎಷ್ಟು ಚೆಂದದ್ದು ನೋಡಿ. ಮಾಡು, ಮಾಡಿಸು. ಹೊಲಿ, ಹೊಲಿಸು. ಬೀಸು, ಬೀಸಿಸು. ನಾವೇ ಮಾಡಿದ್ದೋ, ಬೇರೆಯವರ ಕೈಲಿ ಮಾಡಿಸಿದ್ದೋ ಅನ್ನುವುದು ಕ್ರಿಯಾಪದದಲ್ಲೇ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಅಂಥ ಪ್ರತ್ಯಯ ಇಲ್ಲ. ಅದರ ಬದಲು ಒಂದು ಅಚ್ಚು ಇದೆ: ಗೆಟ್, ಆಮೇಲೆ ವಸ್ತು, ಆಮೇಲೆ ಕ್ರಿಯಾಪದದ ಮೂರನೇ ರೂಪ. ಗೋ, ವೆಂಟ್, ಗಾನ್ ಅಂತ ಶಾಲೆಯಲ್ಲಿ ಕಲಿತೆವಲ್ಲ, ಆ ಸಾಲಿನ ಕೊನೆಯದು.

ಕಟಿಂಗ್ ಶಾಪಿಗೆ ಹೋಗಿ ಬಂದಿರಿ: 'ಐ ಗಾಟ್ ಮೈ ಹೇರ್ ಕಟ್.' 
ಗಾಡಿ ಸರ್ವಿಸ್ ಮಾಡಿಸಿದಿರಿ: 'ಐ ಗಾಟ್ ಮೈ ಬೈಕ್ ಸರ್ವಿಸ್ಡ್.' 
ಬ್ಲೌಸ್ ಹೊಲಿಸಿದಿರಿ: 'ಐ ಗಾಟ್ ಎ ಬ್ಲೌಸ್ ಸ್ಟಿಚ್ಡ್.' 
ಮಿಲ್ಲಿನಲ್ಲಿ ರಾಗಿ ಬೀಸಿಸಿದಿರಿ: 'ಐ ಗಾಟ್ ದ ರಾಗಿ ಗ್ರೌಂಡ್.' 
ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಅನ್ನಬೇಕು: 'ಗೆಟ್ ಯುವರ್ ಬ್ಲಡ್ ಟೆಸ್ಟೆಡ್.'

ಪದಗಳ ಸಾಲು ಬದಲಾಗಬಾರದು. 'ಐ ಗಾಟ್ ಸರ್ವಿಸ್ಡ್ ಮೈ ಬೈಕ್' ಅಂದರೆ ವಾಕ್ಯ ಕೆಟ್ಟಿತು. ವಸ್ತು ಯಾವಾಗಲೂ ನಡುವೆ.

ಮಾಡಿದವರು ಯಾರು, ಯಾರ ಕೈಲಿ ಮಾಡಿಸಿದ್ದು ಅಂತಲೂ ಹೇಳಬೇಕಾದರೆ ಅಚ್ಚು ಸ್ವಲ್ಪ ಬದಲಾಗುತ್ತದೆ. ನಡುವೆ ವ್ಯಕ್ತಿ, ಆಮೇಲೆ 'ಟು', ಆಮೇಲೆ ಸಾದಾ ಕ್ರಿಯಾಪದ. ಪ್ಲಂಬರ್ ಕೈಲಿ ನಲ್ಲಿ ರಿಪೇರಿ ಮಾಡಿಸಿದೆ: 'ಐ ಗಾಟ್ ದ ಪ್ಲಂಬರ್ ಟು ಫಿಕ್ಸ್ ದ ಟ್ಯಾಪ್.' ಈ 'ಟು' ಬಿಟ್ಟುಹೋಗುವುದು ಬಹಳ ಸಾಮಾನ್ಯ. 'ಮೇಕ್' ಬಂದಾಗ ಟು ಇರುವುದಿಲ್ಲ, ಗೆಟ್ ಬಂದಾಗ ಇರಲೇಬೇಕು. ಅರ್ಥದಲ್ಲೂ ಇವು ಒಂದೇ ಅಲ್ಲ. 'ಐ ಮೇಡ್ ಹಿಮ್ ಈಟ್' ಅಂದರೆ ಒತ್ತಾಯ ಮಾಡಿ ತಿನ್ನಿಸಿದೆ. 'ಐ ಗಾಟ್ ಹಿಮ್ ಟು ಈಟ್' ಅಂದರೆ ಪುಸಲಾಯಿಸಿ, ಕತೆ ಹೇಳಿ, ಅಂತೂ ತಿನ್ನಿಸಿದೆ. ಹಟ ಮಾಡುವ ವಸ್ತುಗಳಿಗೂ ಇದು ನಡೆಯುತ್ತದೆ. ಬೆಳಿಗ್ಗೆ ಸ್ಕೂಟರ್ ಸ್ಟಾರ್ಟ್ ಆಗದಿದ್ದರೆ 'ಐ ಕಾಂಟ್ ಗೆಟ್ ದ ಸ್ಕೂಟರ್ ಟು ಸ್ಟಾರ್ಟ್.'

ಹಾಗಂತ ಎಲ್ಲ 'ಇಸು'ವಿಗೂ ಗೆಟ್ ತುರುಕಬೇಕಿಲ್ಲ. ನಮ್ಮ ಶಾಸನಗಳಲ್ಲಿ ಕೆರೆ ಕಟ್ಟಿಸಿದ, ಗುಡಿ ಮಾಡಿಸಿದ ಅಂತ ಬರುತ್ತದೆ. ರಾಜ ಕೈಯಾರೆ ಕಲ್ಲು ಹೊರಲಿಲ್ಲ ಅನ್ನುವುದು ಆ ಪದದಲ್ಲೇ ಇದೆ. ಇಂಗ್ಲಿಷಿನವರು ಅದನ್ನೇ 'ದ ಕಿಂಗ್ ಬಿಲ್ಟ್ ಎ ಟೆಂಪಲ್' ಅಂದುಬಿಡುತ್ತಾರೆ. ಮನೆ ಕಟ್ಟಿಸಿದರೂ 'ವಿ ಬಿಲ್ಟ್ ಎ ಹೌಸ್' ಅಂದರೆ ಸರಿಯೇ. ಬೇರೆಯವರೇ ಮಾಡಿದ್ದು ಅಂತ ಎಲ್ಲರಿಗೂ ಗೊತ್ತಿರುವ ದೊಡ್ಡ ಕೆಲಸಕ್ಕೆ ಗೆಟ್ ಬೇಕಾಗಿಲ್ಲ.

ಹೆಜ್ಜೆ 5: ನಡುವೆ ಏನೂ ಇಲ್ಲದೆ ಮೂರನೇ ರೂಪ ಬಂದರೆ ಇಸಿಕೊ

'ದ ಥೀಫ್ ಗಾಟ್ ಕಾಟ್.' ಕಳ್ಳ ಸಿಕ್ಕಿಬಿದ್ದ. 'ಐ ಗಾಟ್ ಸ್ಕೋಲ್ಡೆಡ್.' ಬೈಸಿಕೊಂಡೆ. 'ಮೈ ಫೋನ್ ಗಾಟ್ ಸ್ಟೋಲನ್.' ಫೋನ್ ಕಳುವಾಯಿತು.

ಶಾಲೆಯಲ್ಲಿ ಕರ್ಮಣಿ ಪ್ರಯೋಗಕ್ಕೆ 'ವಾಸ್' ಕಲಿಸುತ್ತಾರೆ: 'ದ ಥೀಫ್ ವಾಸ್ ಕಾಟ್.' ಅದೂ ಸರಿ. ಆದರೆ ಮಾತಿನಲ್ಲಿ ಗೆಟ್ ಬಂದಾಗ ಒಂದು ಬಣ್ಣ ಸೇರುತ್ತದೆ. ಏನೋ ಎಡವಟ್ಟಾಯಿತು, ಇಲ್ಲವೇ ಅದೃಷ್ಟ ಖುಲಾಯಿಸಿತು ಅನ್ನುವ ಭಾವ. ಬೈಸಿಕೊಂಡ, ಹೊಡೆಸಿಕೊಂಡ ಅನ್ನುವಾಗ ನಮ್ಮ 'ಇಸಿಕೊ' ಮಾಡುವ ಕೆಲಸ ಇದೇ. ಒಳ್ಳೆಯದಕ್ಕೂ ಬರುತ್ತದೆ: 'ಶಿ ಗಾಟ್ ಸೆಲೆಕ್ಟೆಡ್', 'ಹಿ ಗಾಟ್ ಪ್ರಮೋಟೆಡ್'.

ಹಾಗಾಗಿ ತಣ್ಣನೆಯ ಮಾಹಿತಿಗೆ ಇದು ಒಪ್ಪುವುದಿಲ್ಲ. ವಿಧಾನಸೌಧದ ಬಗ್ಗೆ ಬರೆಯುವಾಗ 'ವಾಸ್ ಕಂಪ್ಲೀಟೆಡ್ ಇನ್ 1956' ಅನ್ನಿ. 'ಗಾಟ್ ಕಂಪ್ಲೀಟೆಡ್' ಅಂದರೆ ಅಂತೂ ಇಂತೂ ಮುಗಿಯಿತು ಅಂದ ಹಾಗೆ ಕೇಳಿಸುತ್ತದೆ. ಹುಟ್ಟಿದ್ದಕ್ಕಂತೂ ಗೆಟ್ ಬರುವುದೇ ಇಲ್ಲ. 'ಐ ವಾಸ್ ಬಾರ್ನ್ ಇನ್ ಹಾಸನ' ಸರಿ, 'ಐ ಗಾಟ್ ಬಾರ್ನ್' ತಪ್ಪು.

ಹೆಜ್ಜೆ 6: ಮುಂದೆ 'ಟು' ಮತ್ತು ಕ್ರಿಯಾಪದ ಬಂದರೆ ಕಿವಿ ಚುರುಕಾಗಿರಲಿ

'ಐ ಗಾಟ್ ಟು ಮೀಟ್ ಹರ್' ಅಂದರೆ ಅವರನ್ನು ಭೇಟಿಯಾಗುವ ಅವಕಾಶ ಸಿಕ್ಕಿತು. ಖುಷಿಯ ಮಾತು. 'ಐವ್ ಗಾಟ್ ಟು ಮೀಟ್ ಹರ್' ಅಂದರೆ ಅವರನ್ನು ಭೇಟಿಯಾಗಲೇಬೇಕು. ಕರ್ತವ್ಯದ ಮಾತು. ಎರಡರ ನಡುವೆ ಇರುವುದು ಒಂದು 'ವ್' ಅಷ್ಟೇ. ಬೇಗ ಮಾತಾಡುವಾಗ ಆ 'ವ್' ಕೂಡ ಬಿದ್ದುಹೋಗಿ 'ಗಾಟಾ' ಅಂತ ಉಳಿಯುತ್ತದೆ: 'ಐ ಗಾಟಾ ಗೋ', ನಾನು ಹೋಗಬೇಕು.

'ಹ್ಯಾವ್ ಗಾಟ್' ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. 'ಐವ್ ಗಾಟ್ ಟೂ ಬ್ರದರ್ಸ್' ಅಂದರೆ ಇಬ್ಬರು ತಮ್ಮಂದಿರು ಸಿಕ್ಕರು ಅಂತ ಅಲ್ಲ, ನನಗೆ ಇಬ್ಬರು ತಮ್ಮಂದಿರಿದ್ದಾರೆ ಅಂತ. ಇಲ್ಲಿ ಗಾಟ್‌ಗೆ ಬೇರೆ ಅರ್ಥವೇ ಇಲ್ಲ, ಇಡೀ ಜೋಡಿ ಸೇರಿ 'ಇದೆ'. ಇದು ವರ್ತಮಾನಕ್ಕೆ ಮಾತ್ರ. ಹಿಂದೆ ಇತ್ತು ಅನ್ನಲು 'ಐ ಹ್ಯಾಡ್ ಎ ಬೈಕ್' ಸಾಕು.

ಅಮೆರಿಕದವರ ಜೊತೆ ಕೆಲಸ ಮಾಡುವವರು 'ಗಾಟನ್' ಕೇಳಿರುತ್ತೀರಿ. ಅದು ತಪ್ಪಲ್ಲ. ಬ್ರಿಟನ್ನಿನಲ್ಲಿ ಈ ರೂಪ ಹೆಚ್ಚುಕಡಿಮೆ ಬಳಕೆ ತಪ್ಪಿತು, ಅಮೆರಿಕದಲ್ಲಿ ಉಳಿಯಿತು. 1611ರ ಇಂಗ್ಲಿಷ್ ಬೈಬಲ್‌ನಲ್ಲೂ ಅದು ಇದೆ. ಅಮೆರಿಕದವರಿಗೆ 'ಐವ್ ಗಾಟ್ ದ ಟಿಕೆಟ್' ಅಂದರೆ ಟಿಕೆಟ್ ನನ್ನ ಹತ್ತಿರ ಇದೆ, 'ಐವ್ ಗಾಟನ್ ದ ಟಿಕೆಟ್' ಅಂದರೆ ಟಿಕೆಟ್ ಸಿಕ್ಕಿತು. ನೀವು ಬಳಸಲೇಬೇಕೆಂದಿಲ್ಲ, ಕೇಳಿದಾಗ ಗೊತ್ತಾದರೆ ಸಾಕು.

ಹೆಜ್ಜೆ 7: ಅಪ್, ಓವರ್, ಬ್ಯಾಕ್ ಬಂದರೆ ಜೋಡಿಯಾಗಿಯೇ ಕಲಿಯಿರಿ

ಇಲ್ಲಿ ಬಿಡಿಸಿ ನೋಡಿದರೆ ಅರ್ಥ ಸಿಗುವುದಿಲ್ಲ. ಜಾಸ್ತಿ ಕಲಿಯಲು ಹೋಗದೆ ದಿನಬಳಕೆಯ ಕೆಲವನ್ನು ಗಟ್ಟಿ ಮಾಡಿಕೊಳ್ಳಿ.

ಗೆಟ್ ಅಪ್ ಅಂದರೆ ಹಾಸಿಗೆಯಿಂದ ಏಳುವುದು. ಬರೀ ಎಚ್ಚರವಾಗುವುದು 'ವೇಕ್ ಅಪ್'. ಆರಕ್ಕೆ ಎಚ್ಚರವಾಗಿ ಏಳಕ್ಕೆ ಎದ್ದರೆ ಎರಡೂ ಪದ ಬೇಕು. ಸಿನಿಮಾದವರು ಹೊಸ ಗೆಟಪ್ ಅನ್ನುವುದು ಇದರದೇ ನಾಮಪದ, ಅದು ವೇಷಕ್ಕೆ.

ಗೆಟ್ ಅಲಾಂಗ್ ಅಂದರೆ ಹೊಂದಿಕೊಂಡು ಹೋಗುವುದು. ಗೆಟ್ ಬೈ ಅಂದರೆ ಇರುವುದರಲ್ಲಿ ಹೇಗೋ ಸಾಗಿಸುವುದು. ಗೆಟ್ ರಿಡ್ ಆಫ್ ಅಂದರೆ ತೊಲಗಿಸುವುದು. ಗೆಟ್ ಅವೇ ವಿತ್ ಅಂದರೆ ತಪ್ಪು ಮಾಡಿಯೂ ಸಿಕ್ಕಿಬೀಳದೆ ಪಾರಾಗುವುದು. ಗೆಟ್ ಥ್ರೂ ಅಂದರೆ ಫೋನ್ ಲೈನ್ ಸಿಗುವುದು, ಇಲ್ಲವೇ ಕಷ್ಟವನ್ನೋ ಪರೀಕ್ಷೆಯನ್ನೋ ದಾಟುವುದು.

'ಗೆಟ್ ಬ್ಯಾಕ್' ಅಂದರೆ ವಾಪಸ್ ಬರುವುದು. ಅದಕ್ಕೆ 'ಟು ಯು' ಸೇರಿಸಿದರೆ ಬೇರೆಯೇ ಮಾತು. 'ಐಲ್ ಗೆಟ್ ಬ್ಯಾಕ್ ಟು ಯು' ಅಂದರೆ ವಿಚಾರಿಸಿ ಆಮೇಲೆ ತಿಳಿಸುತ್ತೇನೆ. ಇಂಟರ್‌ವ್ಯೂ ಮುಗಿದ ಮೇಲೆ ಇದನ್ನು ಕೇಳಿದರೆ ಕೆಲಸ ಸಿಕ್ಕಿತು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ.

'ಗೆಟ್ ಔಟ್' ಬಗ್ಗೆ ಒಂದು ಮಾತು. ನಮಗೆ ಅದು ಬಾಗಿಲು ತೋರಿಸಿ ಹೇಳುವ ಮಾತು, ಇಂಗ್ಲಿಷ್ ಬಾರದವರೂ ಸಿಟ್ಟು ಬಂದಾಗ ಬಳಸುತ್ತಾರೆ. ಅಮೆರಿಕದವರು ಆಶ್ಚರ್ಯವಾದಾಗಲೂ 'ಗೆಟ್ ಔಟ್ ಆಫ್ ಹಿಯರ್!' ಅನ್ನುವುದುಂಟು. ನಾವು 'ಏ ಹೋಗೋ, ಸುಳ್ಳು!' ಅನ್ನುತ್ತೇವಲ್ಲ, ಅದೇ. ಮುಖದಲ್ಲಿ ನಗು ಇದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಹೆಜ್ಜೆ 8: ನಮ್ಮ ಕಡೆಯ ಗೆಟ್‌ಗಳನ್ನು ಗುರುತಿಸಿಕೊಳ್ಳಿ

ನಮ್ಮ ಭಾಷೆಗಳ ಅಚ್ಚಿನಲ್ಲಿ ಎರಕವಾದ ಕೆಲವು ಗೆಟ್‌ಗಳು ನಮ್ಮ ದೇಶದಲ್ಲಿ ಚೆನ್ನಾಗಿ ಓಡುತ್ತವೆ. ಅವನ್ನು ಹೀಯಾಳಿಸುವುದು ನನಗೆ ಸರಿ ಕಾಣುವುದಿಲ್ಲ. ನಾವು ನಾವೇ ಮಾತಾಡುವಾಗ ಅವು ಕೆಲಸ ಮಾಡುತ್ತವೆ. ಆದರೆ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆಯುವವರು, ಹೊರದೇಶದವರ ಜೊತೆ ದಿನಾ ಕಾಲ್ ಇರುವವರು ಬದಲಿ ವಾಕ್ಯವನ್ನೂ ಇಟ್ಟುಕೊಂಡಿರಬೇಕು.

'ಐ ಆ್ಯಮ್ ನಾಟ್ ಗೆಟಿಂಗ್ ಯು.' ನಮಗೆ ಅರ್ಥ ಆಗ್ತಾ ಇಲ್ಲ ಅನ್ನುವುದರ ನೇರ ರೂಪ. ಅರ್ಥವಾಗುವ ಗೆಟ್‌ಗೆ ಸಾಮಾನ್ಯವಾಗಿ 'ಇಂಗ್' ಸೇರುವುದಿಲ್ಲ. 'ಐ ಡೋಂಟ್ ಗೆಟ್ ಇಟ್' ಅನ್ನಿ. ಇನ್ನೂ ಮರ್ಯಾದೆಯಾಗಿ ಬೇಕಾದರೆ 'ಐ ಡಿಡಂಟ್ ಕ್ವೈಟ್ ಗೆಟ್ ದಟ್'. 'ಐ ಆ್ಯಮ್ ನಾಟ್ ಗೆಟಿಂಗ್ ನೆಟ್‌ವರ್ಕ್' ಮಾತ್ರ ಸರಿಯಾಗಿದೆ, ಅದು ಹೆಜ್ಜೆ 1ರ ಸಿಗು.

'ದ ಮೀಟಿಂಗ್ ಗಾಟ್ ಓವರ್.' ಬದಲು 'ದ ಮೀಟಿಂಗ್ ಈಸ್ ಓವರ್' ಅಥವಾ 'ಫಿನಿಶ್ಡ್'. ಹೊರಗಿನವರಿಗೆ 'ಗೆಟ್ ಓವರ್' ಅಂದರೆ ಕಾಯಿಲೆಯಿಂದಲೋ ದುಃಖದಿಂದಲೋ ಚೇತರಿಸಿಕೊಳ್ಳುವುದು.

'ಐ ಆ್ಯಮ್ ಗೆಟಿಂಗ್ ಲೇಟ್.' ಬದಲು 'ಐ ಆ್ಯಮ್ ರನಿಂಗ್ ಲೇಟ್'. 'ಇಟ್ಸ್ ಗೆಟಿಂಗ್ ಲೇಟ್' ಸರಿ, ಅಲ್ಲಿ ತಡವಾಗುತ್ತಿರುವುದು ಹೊತ್ತು.

'ಐ ಆ್ಯಮ್ ಗೆಟಿಂಗ್ ಫೀವರ್.' ಬದಲು 'ಐ ಹ್ಯಾವ್ ಎ ಫೀವರ್'.

'ಐ ಗಾಟ್ ಟು ನೋ ದಟ್ ಹಿ ಲೆಫ್ಟ್.' ವಿಷಯ ತಿಳಿಯುವುದಕ್ಕೆ 'ಐ ಫೌಂಡ್ ಔಟ್' ಅಥವಾ 'ಐ ಹರ್ಡ್'. 'ಗೆಟ್ ಟು ನೋ' ಇರುವುದು ಮನುಷ್ಯರಿಗೆ, ಒಡನಾಡಿ ನಿಧಾನವಾಗಿ ಪರಿಚಯವಾಗುವುದಕ್ಕೆ.

ಹೆಜ್ಜೆ 9: ಎಲ್ಲಿ ಬರೆಯಬಾರದು

ಮಾತಿನಲ್ಲಿ, ಮೆಸೇಜಿನಲ್ಲಿ, ಗೆಳೆಯರ ಮೇಲ್‌ನಲ್ಲಿ ಗೆಟ್ ಧಾರಾಳವಾಗಿ ಬರಲಿ. ಅರ್ಜಿ, ಕಚೇರಿ ಪತ್ರ, ಪರೀಕ್ಷೆಯ ಪ್ರಬಂಧದಲ್ಲಿ ಕಡಿಮೆ ಮಾಡಿ. ಅಲ್ಲಿ ಕಾಗದ ಬಂದರೆ 'ರಿಸೀವ್', ಪ್ರಯತ್ನದಿಂದ ಪಡೆದರೆ 'ಅಬ್ಟೇನ್', ಸ್ಥಿತಿ ಬದಲಾದರೆ 'ಬಿಕಮ್', ಊರು ಮುಟ್ಟಿದರೆ 'ರೀಚ್' ಅಥವಾ 'ಅರೈವ್'. ಕೆಲವರು ಇದನ್ನು ತಿರುವುಮುರುವು ಮಾಡಿ ಮಾತಿನಲ್ಲೂ 'ಐ ರಿಸೀವ್ಡ್ ಯುವರ್ ಮೆಸೇಜ್' ಅನ್ನುತ್ತಾರೆ. ತಪ್ಪೇನಲ್ಲ, ಆದರೆ ಗೆಳೆಯನ ಜೊತೆ ಗ್ರಾಂಥಿಕ ಕನ್ನಡ ಮಾತಾಡಿದ ಹಾಗೆ ಇರುತ್ತದೆ. 'ಗಾಟ್ ಯುವರ್ ಮೆಸೇಜ್' ಸಾಕು.

ಕಿವಿಗೂ ಸ್ವಲ್ಪ ತಯಾರಿ ಬೇಕು. ಅಮೆರಿಕದವರ ಬಾಯಲ್ಲಿ ಎರಡು ಸ್ವರಗಳ ನಡುವಿನ 'ಟ' ಮೆತ್ತಗಾಗಿ 'ಡ'ದ ಹತ್ತಿರ ಬರುತ್ತದೆ. 'ಗೆಟ್ ಇಟ್' ಅನ್ನುವುದು 'ಗೆಡಿಟ್', 'ಗೆಟ್ ಅಪ್' ಅನ್ನುವುದು 'ಗೆಡಪ್'. ಹೊಸ ಪದ ಅಂತ ಗಾಬರಿಯಾಗಬೇಡಿ.

ಹೆಜ್ಜೆ 10: ನೀವೇ ಹೇಳಿ ನೋಡಿ

ಕೆಳಗಿನ ವಾಕ್ಯಗಳನ್ನು ಉತ್ತರ ಮುಚ್ಚಿಟ್ಟು ಇಂಗ್ಲಿಷಿನಲ್ಲಿ ಹೇಳಿ. ಹೇಳುವ ಮೊದಲು ಒಂದು ಕ್ಷಣ ಕೇಳಿಕೊಳ್ಳಿ: ಇದು ಸಿಗುವುದೋ, ಆಗುವುದೋ, ತಲುಪುವುದೋ, ಮಾಡಿಸುವುದೋ?

ನನಗೆ ಇನ್ನೂ ಸಂಬಳ ಬಂದಿಲ್ಲ. 
ಮಳೆಯಲ್ಲಿ ನೆನೆದುಬಿಟ್ಟೆ. 
ಅಜ್ಜಿಗೆ ಕನ್ನಡಕ ಮಾಡಿಸಬೇಕು. 
ಹೊಸಬರಿಗೆ ಮಾತಾಡುವ ಅವಕಾಶ ಸಿಗಲಿಲ್ಲ. 
ತಮ್ಮನ ಕೈಲಿ ಫಾರ್ಮ್ ತುಂಬಿಸಿದೆ. 
ಮುಂದಿನ ಸ್ಟಾಪಿನಲ್ಲಿ ಇಳಿಯುತ್ತೇನೆ. 
ಅವನು ಮೇಷ್ಟ್ರಾದ.

ಉತ್ತರಗಳು ಇದೇ ಸಾಲಿನಲ್ಲಿ. 'ಐ ಹ್ಯಾವಂಟ್ ಗಾಟ್ ಮೈ ಸ್ಯಾಲರಿ ಯೆಟ್.' ಅಮೆರಿಕದಲ್ಲಾದರೆ 'ಗಾಟನ್'. 'ಐ ಗಾಟ್ ವೆಟ್ ಇನ್ ದ ರೇನ್.' 'ವಿ ನೀಡ್ ಟು ಗೆಟ್ ಗ್ಲಾಸಸ್ ಮೇಡ್ ಫಾರ್ ಗ್ರ್ಯಾಂಡ್‌ಮಾ.' ಮಾತಿನಲ್ಲಿ 'ಗೆಟ್ ಗ್ರ್ಯಾಂಡ್‌ಮಾ ಗ್ಲಾಸಸ್' ಅಂದರೂ ಸಾಕು, ಅದು ಹೆಜ್ಜೆ 1ರ ತರು. 'ದ ನ್ಯೂಕಮರ್ಸ್ ಡಿಡಂಟ್ ಗೆಟ್ ಟು ಸ್ಪೀಕ್.' 'ಐ ಗಾಟ್ ಮೈ ಬ್ರದರ್ ಟು ಫಿಲ್ ಇನ್ ದ ಫಾರ್ಮ್.' 'ಐಲ್ ಗೆಟ್ ಆಫ್ ಅಟ್ ದ ನೆಕ್ಸ್ಟ್ ಸ್ಟಾಪ್.'

ಕೊನೆಯದಕ್ಕೆ ಗೆಟ್ ಹಾಕಿದ್ದರೆ ಹೆಜ್ಜೆ 2ನ್ನು ಇನ್ನೊಮ್ಮೆ ಓದಿ. 'ಹಿ ಬಿಕೇಮ್ ಎ ಟೀಚರ್.'